ಬೂದಿಗೆ ಬಣ್ಣ: ಚಂದ್ರನ ಮೇಲೆ ನಡೆದವನು ಚಂದ್ರನನ್ನು ಬರೆದ ಬಗೆ

ಮೊದಲು ಒಂದು ಪ್ಲೈವುಡ್ ಹಲಗೆ, ಅದೂ ವಿಮಾನ ಕಟ್ಟಲು ಬಳಸುವ ಗಟ್ಟಿ ಜಾತಿಯದು. ಅದರ ಮೇಲೆ ಗೋಡೆಗೆ ಗಾರೆ ಮೆತ್ತಿದ ಹಾಗೆ ದಪ್ಪನೆಯ ಅಕ್ರಿಲಿಕ್ ಪೇಸ್ಟ್. ಅದು ಹಸಿಯಿರುವಾಗಲೇ ಒಂದು ಬೂಟಿನ ಅಡಿಯನ್ನು ಅಲ್ಲಲ್ಲಿ ಒತ್ತಬೇಕು, ಅಡ್ಡಪಟ್ಟೆಗಳ ಅಚ್ಚು ಮೂಡಬೇಕು. ಆಮೇಲೆ ಸುತ್ತಿಗೆ ಹಿಡಿದು ಅಲ್ಲೊಂದು ಕಡೆ ಕುಟ್ಟಿ, ಇಲ್ಲೊಂದು ಕಡೆ ಗೀರಿ, ಗುಳಿ ಬೀಳಿಸಬೇಕು. ಇಷ್ಟೆಲ್ಲ ಆಗಿ ಒಣಗಿದ ಮೇಲೆ ಬಣ್ಣದ ಮಾತು.

ಅಮೆರಿಕದ ಹ್ಯೂಸ್ಟನ್ನಿನಲ್ಲಿ ಅಲನ್ ಬೀನ್ ತಮ್ಮ ಚಿತ್ರ ಶುರು ಮಾಡುತ್ತಿದ್ದದ್ದು ಹೀಗೆ. ಬೂಟಿನಡಿ, ಚಂದ್ರನ ಮೇಲೆ ಹಾಕಿಕೊಂಡಿದ್ದ ಬೂಟಿನ ನಕಲು. ಸುತ್ತಿಗೆ ಮಾತ್ರ ಅಸಲು. ಚಂದ್ರನ ನೆಲದಲ್ಲಿ ಅವರೇ ಬಳಸಿದ್ದು. 1969ರ ನವೆಂಬರ್ 19ರಂದು ಅಪೊಲೊ 12ರಲ್ಲಿ ಹೋಗಿ ಚಂದ್ರನ ಮೇಲೆ ಕಾಲಿಟ್ಟ ನಾಲ್ಕನೆಯ ಮನುಷ್ಯ ಅವರು. 1973ರಲ್ಲಿ ಸ್ಕೈಲ್ಯಾಬ್ ನಿಲ್ದಾಣದಲ್ಲಿ 59 ದಿನ ಇದ್ದು ಬಂದರು. 1981ರಲ್ಲಿ, ಮೊದಲ ಸ್ಪೇಸ್ ಶಟಲ್ ಹಾರಿದ ವರ್ಷವೇ, ನಾಸಾದ ಕೆಲಸ ಬಿಟ್ಟು ಚಿತ್ರ ಬರೆಯಲು ಕೂತರು. ನೌಕಾದಳದ ಪರೀಕ್ಷಾ ಪೈಲಟ್ ಆಗಿದ್ದಾಗಲೇ ರಾತ್ರಿ ತರಗತಿಗೆ ಹೋಗಿ ಚಿತ್ರ ಕಲಿತಿದ್ದವರು ಅವರು. 2018ರಲ್ಲಿ ತೀರಿಕೊಳ್ಳುವವರೆಗೂ ಬರೆದದ್ದು ಹೆಚ್ಚುಕಡಿಮೆ ಒಂದೇ ವಿಷಯ: ಚಂದ್ರ, ಅದರ ಮೇಲೆ ಓಡಾಡಿದವರು.

ಚಂದ್ರನನ್ನು ಬರೆಯುವುದು ಅಂಥ ಏನು ದೊಡ್ಡ ವಿದ್ಯೆ, ಬಟ್ಟಲು ಬೋರಲಿಟ್ಟು ಸುತ್ತ ಗೆರೆ ಎಳೆದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಆಕಾಶದ ಚಂದ್ರನ ಮಟ್ಟಿಗೂ ಅದು ಅಷ್ಟು ಸುಲಭವಿಲ್ಲ, ಆ ಮಾತಿಗೆ ಮುಂದೆ ಬರೋಣ. ಬೀನ್ ಬರೆಯಬೇಕಾಗಿದ್ದದ್ದು ಕಾಲ ಕೆಳಗಿನ ಚಂದ್ರ. ಅಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಒಂದು ಹುಲ್ಲುಕಡ್ಡಿ ಇಲ್ಲ. ಭೂಮಿಯ ಚಿತ್ರಕಾರರು ತಲೆಮಾರುಗಳಿಂದ ಕಲಿತು ಕೂಡಿಟ್ಟ ಯುಕ್ತಿಗಳಲ್ಲಿ ಅರ್ಧಕ್ಕರ್ಧ ಅಲ್ಲಿ ನಡೆಯುವುದಿಲ್ಲ. ಯಾವುದು ನಡೆಯುವುದಿಲ್ಲ, ಏಕೆ, ಅದಕ್ಕೆ ಬೀನ್ ಏನು ದಾರಿ ಹುಡುಕಿಕೊಂಡರು ಎಂದು ನೋಡುತ್ತ ಹೋದರೆ ಚಂದ್ರನ ವಿಚಾರವೂ ಚಿತ್ರದ ವಿಚಾರವೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ.

ಟಾರು ರಸ್ತೆಯ ಬಣ್ಣ

ಚಂದ್ರ ಬೆಳ್ಳಗಿಲ್ಲ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನಷ್ಟೇ ಅದು ತಿರುಗಿ ಕಳಿಸುತ್ತದೆ. ಗಾಡಿ ಓಡಾಡಿ ಸವೆದ ಟಾರು ರಸ್ತೆಯದೂ ಹೆಚ್ಚುಕಡಿಮೆ ಇದೇ ಲೆಕ್ಕ. ಹೊಸದಾಗಿ ಸುಣ್ಣ ಬಳಿದ ಗೋಡೆ ಇದರ ಐದಾರು ಪಟ್ಟು ಬೆಳಕು ಕಳಿಸುತ್ತದೆ. ಹಾಗಿದ್ದೂ ಚಂದ್ರ ಹಾಲಿನ ಬಣ್ಣಕ್ಕೆ ಕಾಣುವುದು ಅದರ ಹಿಂದಿನ ಕಗ್ಗತ್ತಲಿನಿಂದ. ಕತ್ತಲೆ ಕೋಣೆಯಲ್ಲಿ ಒಂದು ಇದ್ದಿಲ ತುಂಡಿನ ಮೇಲೆ ಮಾತ್ರ ಜೋರು ಬೆಳಕು ಬೀಳಿಸಿದರೆ ಅದೂ ಬೆಳ್ಳಗೇ ಕಂಡೀತು. ನಂಬಿಕೆ ಬಾರದಿದ್ದರೆ ಹುಣ್ಣಿಮೆ ಕಳೆದ ನಾಲ್ಕನೆಯದೋ ಐದನೆಯದೋ ದಿನ, ಬೆಳಿಗ್ಗೆ ಎಂಟರ ಹೊತ್ತಿಗೆ ಪಡುವಣಕ್ಕೆ ನೋಡಿ. ಚಂದ್ರನ ಪಕ್ಕಕ್ಕೆ ಒಂದು ಬಿಳಿ ಮೋಡ ತೇಲಿ ಬಂದರೆ ಎರಡರಲ್ಲಿ ಯಾವುದು ಬಿಳಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹತ್ತಿರ ಹೋದವರಿಗೆ ಕಂಡದ್ದು ಬೂದಿ ಬಣ್ಣ. ಆದರೆ ಆ ಬೂದಿಯೂ ನಿಂತ ನಿಲುವಿನ ಮೇಲೆ ಬದಲಾಗುತ್ತಿತ್ತು. ಸೂರ್ಯನಿಗೆ ಬೆನ್ನು ಕೊಟ್ಟು ನೋಡಿದರೆ ನೆಲಕ್ಕೆ ಒಂದಿಷ್ಟು ಕಂದು ಛಾಯೆ, ಪಕ್ಕಕ್ಕೆ ತಿರುಗಿದರೆ ಬರೀ ಬೂದಿ. ಬೂಟಿನಿಂದ ಕೆದಕಿದ ಜಾಗ ಸುತ್ತಲಿನದಕ್ಕಿಂತ ಕಪ್ಪು. ಅಪೊಲೊ 12 ಇಳಿದ ಜಾಗದಿಂದ ಇನ್ನೂರು ಮೀಟರಿಗೂ ಕಡಿಮೆ ದೂರದಲ್ಲಿ ಸರ್ವೇಯರ್ 3 ಎಂಬ ಮಾನವರಹಿತ ನೌಕೆ 1967ರಿಂದ ನಿಂತಿತ್ತು. ಬಿಳಿ ಬಣ್ಣ ಹಚ್ಚಿ ಕಳಿಸಿದ್ದ ಅದು, ಬೀನ್ ಮತ್ತು ಅವರ ನಾಯಕ ಪೀಟ್ ಕಾನ್ರಾಡ್ ನಡೆದು ಹೋಗಿ ನೋಡುವ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿತ್ತು.

ಈಗ ಚಿತ್ರಕಾರನ ಪೇಚಾಟ. ಕಂಡದ್ದನ್ನು ಕಂಡ ಹಾಗೆ ಬರೆದರೆ ಮೇಲರ್ಧ ಕಪ್ಪು ಆಕಾಶ, ಕೆಳಗರ್ಧ ಬೂದಿ ನೆಲ, ನಡುವೆ ಒಬ್ಬ ಬಿಳಿ ಉಡುಪಿನವನು. ಒಂದು ಚಿತ್ರಕ್ಕೆ ಇದು ಚೆಂದ. ಹತ್ತನೆಯ ಚಿತ್ರದ ಹೊತ್ತಿಗೆ ಬರೆಯುವವನಿಗೂ ಬೇಸರ, ನೋಡುವವನಿಗೂ ಬೇಸರ. ತಾನು ವಿಜ್ಞಾನಿಯಾಗಿ ಬರೆಯುವುದಾದರೆ ಬೂದಿಯನ್ನೇ ಬಳಿಯಬೇಕಾಗುತ್ತಿತ್ತು, ಚಿತ್ರಕಾರನಾದ್ದರಿಂದ ಬಣ್ಣ ಸೇರಿಸುವ ಸ್ವಾತಂತ್ರ್ಯ ತನಗಿದೆ ಎಂಬ ನಿಲುವಿಗೆ ಬೀನ್ ಬಂದರು. ಇದಕ್ಕೆ ಅವರಿಗೆ ದಾರಿ ತೋರಿಸಿದವರು ಫ್ರಾನ್ಸಿನ ಕ್ಲಾಡ್ ಮೊನೆ. 1890ರ ದಶಕದಲ್ಲಿ ಮೊನೆ ರುಆಂ ಊರಿನ ಇಗರ್ಜಿಯ ಮುಂಭಾಗವನ್ನು ಮೂವತ್ತು ಬಾರಿ ಬರೆದರು. ಕಟ್ಟಡ ಕಲ್ಲಿನದು, ಕಲ್ಲಿನ ಬಣ್ಣ ಬೂದಿ. ಚಿತ್ರಗಳಲ್ಲಿ ಮಾತ್ರ ಬೆಳಗಿನ ನೇರಳೆ, ನಡುಹಗಲಿನ ಹಳದಿ, ಸಂಜೆಯ ಕಿತ್ತಳೆ. ಬೂದಿ ಕಲ್ಲಿಗೆ ಅದು ಸಲ್ಲುವುದಾದರೆ ಬೂದಿ ನೆಲಕ್ಕೆ ಏಕೆ ಸಲ್ಲದು?

ಬೀನ್ ಅವರ ಚಂದ್ರನ ಮೇಲೆ ಗುಲಾಬಿ ಇದೆ, ಹಸಿರು ಮಿಶ್ರಿತ ನೀಲಿ ಇದೆ, ಜೇನಿನ ಬಣ್ಣ ಇದೆ. ಮೊದಲ ಸಲ ಅಚ್ಚಿನಲ್ಲಿ ನೋಡಿದಾಗ ನನಗಿದು ಸ್ವಲ್ಪ ಅತಿಯಾಯಿತು ಅನ್ನಿಸಿತ್ತು. ಆಮೇಲೆ ಗಮನಿಸಿದೆ: ಬಣ್ಣದಲ್ಲಿ ಇಷ್ಟು ಸಡಿಲ ಬಿಟ್ಟವರು ಬೇರೆ ಯಾವುದರಲ್ಲೂ ಬಿಟ್ಟಿಲ್ಲ. ಉಡುಪಿನ ಕೊಳವೆ ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು, ಹೆಲ್ಮೆಟ್ಟಿನ ಚಿನ್ನದ ಲೇಪದ ಗಾಜಿನಲ್ಲಿ ಏನು ಪ್ರತಿಫಲಿಸಬೇಕು, ನೆರಳು ಎಷ್ಟು ಉದ್ದ ಬೀಳಬೇಕು ಎಂಬುದರಲ್ಲೆಲ್ಲ ಪೈಲಟ್ಟಿನ ಕಟ್ಟುನಿಟ್ಟು. ಆ ಕಟ್ಟುನಿಟ್ಟು ಇರುವುದರಿಂದಲೇ ಗುಲಾಬಿ ನೆಲವನ್ನೂ ಕಣ್ಣು ನಂಬುತ್ತದೆ.

ಮನೆಯಲ್ಲಿ ಪ್ರಯತ್ನಿಸುವವರಿಗೆ ಒಂದು ಮಾತು. ಕಪ್ಪಿಗೆ ಬಿಳಿ ಬೆರೆಸಿದರೆ ಬರುವುದು ಸಿಮೆಂಟಿನ ಬೂದಿ, ಅದಕ್ಕೆ ಜೀವ ಇರುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಸೇರಿಸಿ, ಆಮೇಲೆ ಬಿಳಿ ಹಾಕಿ ನೋಡಿ. ಎರಡೂ ಸಮ ಇದ್ದರೆ ಬೂದಿ. ನೀಲಿ ಒಂದು ಹನಿ ಹೆಚ್ಚಾದರೆ ತಣ್ಣನೆಯ ಬೂದಿ, ಕಂದು ಹೆಚ್ಚಾದರೆ ಬೆಚ್ಚಗಿನದು. ಇವೆರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದು ನೀಲಿಯಾಗಿಯೂ ಇನ್ನೊಂದು ಕೆಂಪಾಗಿಯೂ ಕಾಣತೊಡಗುತ್ತದೆ. ಅಲ್ಲಿಂದ ಮುಂದೆ ಎಷ್ಟು ದೂರ ಹೋಗುವುದು ಎಂಬುದು ಅವರವರ ಧೈರ್ಯ.

ಬಚ್ಚಲೊಲೆಯ ಬೂದಿ, ಒಂದು ಟಾರ್ಚು

ಬಣ್ಣಕ್ಕಿಂತ ಕಷ್ಟದ್ದು ನೆರಳು. ಇದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ನೋಡುವುದು ಮೇಲು.

ಊರಿಗೆ ಹೋದಾಗ ಬಚ್ಚಲೊಲೆಯಿಂದ ನಾಲ್ಕು ಹಿಡಿ ಬೂದಿ ತೆಗೆದು, ಜರಡಿ ಹಿಡಿದು, ಅಗಲ ತಟ್ಟೆಯಲ್ಲಿ ಹರಡಿದೆ. ಬೂದಿ ಸಿಗದವರಿಗೆ ಒಣ ಸಿಮೆಂಟ್ ಆದೀತು. ಮೇಲಿನಿಂದ ಸಣ್ಣ ದೊಡ್ಡ ಕಲ್ಲುಹರಳು ಬೀಳಿಸಿದರೆ ಗುಳಿಗಳಾಗುತ್ತವೆ, ಸುತ್ತ ಬೂದಿ ಎದ್ದು ಸಣ್ಣ ದಿಬ್ಬ ಕಟ್ಟುತ್ತದೆ. ಚಂದ್ರನ ಕುಳಿಗಳೂ ಹೀಗೆಯೇ, ಬಡಿತದಿಂದ ಆದವು. ವೇಗದ ಪ್ರಮಾಣ ಬೇರೆ ಅಷ್ಟೆ. ಈಗ ದೀಪ ಆರಿಸಿ, ಟಾರ್ಚನ್ನು ತಟ್ಟೆಯ ಅಂಚಿಗೆ ಸಮನಾಗಿ, ನೆಲಮಟ್ಟದಲ್ಲಿ ಹಿಡಿಯಬೇಕು. ಸಾಸಿವೆಯಷ್ಟು ಉಬ್ಬಿಗೂ ಉದ್ದನೆಯ ನೆರಳು ಬಿದ್ದು ತಟ್ಟೆ ತುಂಬ ಬೆಟ್ಟಗುಡ್ಡ ಎದ್ದು ನಿಲ್ಲುತ್ತದೆ. ಟಾರ್ಚನ್ನು ಮೆಲ್ಲಗೆ ಮೇಲೆತ್ತುತ್ತ ಬನ್ನಿ, ನೆರಳು ಕುಗ್ಗುತ್ತ ಬರುತ್ತದೆ. ಕೊನೆಗೆ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ, ಕಿವಿಗೆ ತಾಗಿಸಿ ಹಿಡಿದು ನೇರ ನೋಡಿ. ಬೆಟ್ಟಗುಡ್ಡವೆಲ್ಲ ಮಾಯ, ಬರೀ ಬೂದಿ ಹರಡಿದ ತಟ್ಟೆ. ನೆರಳು ಎಲ್ಲಿಗೂ ಹೋಗಿಲ್ಲ. ಪ್ರತಿ ಕಣವೂ ತನ್ನ ನೆರಳನ್ನು ತನ್ನ ಬೆನ್ನ ಹಿಂದೆಯೇ ಅಡಗಿಸಿಕೊಂಡಿದೆ.

ಚಂದ್ರನ ಬೆಳಕಿನ ಗುಟ್ಟುಗಳಲ್ಲಿ ಮುಕ್ಕಾಲು ಪಾಲು ಈ ತಟ್ಟೆಯಲ್ಲಿದೆ. ಹುಣ್ಣಿಮೆಯ ದಿನ ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ, ಅಂದರೆ ಟಾರ್ಚು ಕಿವಿಯ ಪಕ್ಕ ಇದ್ದ ಹಾಗೆ. ಕಣಗಳ ನಡುವಿನ ನೆರಳೆಲ್ಲ ಅಡಗಿ ಹುಣ್ಣಿಮೆ ಚಂದ್ರ ಅರ್ಧಚಂದ್ರನ ಎರಡು ಪಟ್ಟಲ್ಲ, ಸುಮಾರು ಹತ್ತು ಪಟ್ಟು ಹೊಳೆಯುತ್ತಾನೆ. ಜೊತೆಗೆ ಚಪ್ಪಟೆಯಾಗಿಯೂ ಕಾಣುತ್ತಾನೆ. ಚೆಂಡು ಬರೆಯುವಾಗ ಅಂಚಿಗೆ ಹೋದಂತೆ ಕಪ್ಪು ಮಾಡಬೇಕೆಂದು ಚಿತ್ರದ ಮೇಷ್ಟ್ರು ಹೇಳಿಕೊಡುತ್ತಾರಲ್ಲ, ಪೂರ್ಣಚಂದ್ರನಿಗೆ ಆ ಪಾಠ ಹಚ್ಚಿದರೆ ಚಿತ್ರ ಕೆಟ್ಟಿತು. ಅಂಚೂ ನಡುವೂ ಒಂದೇ ಬೆಳಕಿನಲ್ಲಿರುವ ತಟ್ಟೆಯ ಹಾಗೆಯೇ ಬರೆಯಬೇಕು.

ಚಂದ್ರನ ಮೇಲೆ ನಿಂತವರಿಗೆ ಇದೇ ಸಂಗತಿ ಇನ್ನೊಂದು ರೂಪದಲ್ಲಿ ಎದುರಾಯಿತು. ಸೂರ್ಯನಿಗೆ ಬೆನ್ನು ಹಾಕಿ ತನ್ನ ನೆರಳಿನ ಕಡೆ ನೋಡಿದರೆ, ನೆರಳಿನ ತಲೆಯ ಸುತ್ತ ನೆಲ ಪ್ರಭಾವಳಿಯಂತೆ ಬೆಳಗುತ್ತದೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಮುಂಜಾನೆ ನಡೆಯುವವರು ಇಂಥದ್ದನ್ನು ನೋಡಿರುತ್ತಾರೆ. ಅಲ್ಲಿ ಮುಖ್ಯ ಕೆಲಸ ಹನಿಗಳದ್ದು, ಇಲ್ಲಿ ಅಡಗಿದ ನೆರಳಿನದ್ದು. ಆ ದಿಕ್ಕಿನಲ್ಲಿ ಗುಳಿ, ಕಲ್ಲು ಏನೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಅಪೊಲೊ ನೌಕೆಗಳನ್ನು ಇಳಿಸಲು ಅಲ್ಲಿನ ಬೆಳಗಿನ ಹೊತ್ತನ್ನು ಆರಿಸುತ್ತಿದ್ದರು. ಅಪೊಲೊ 12 ಇಳಿದಾಗ ಸೂರ್ಯ ದಿಗಂತದಿಂದ ಬರೀ 5 ಡಿಗ್ರಿ ಮೇಲಿದ್ದ. ಆ ಬೆಳಕಿನಲ್ಲಿ ಆರಡಿ ಆಳಿಗೆ ಅರವತ್ತೆಂಟು ಅಡಿಯ ನೆರಳು. ಪೈಲಟ್ಟಿಗೆ ಗುಳಿ ತೋರಿಸಿದ ಆ ನೆರಳೇ ಮುಂದೆ ಚಿತ್ರಕಾರನಿಗೂ ಒದಗಿತು. ನಮ್ಮ ಚಂದ್ರಯಾನ-3, 2023ರ ಆಗಸ್ಟ್ 23ರಂದು ಇಳಿದದ್ದು ಚಂದ್ರನ ದಕ್ಷಿಣಕ್ಕೆ ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ನೆತ್ತಿಗೆ ಏರುವುದೇ ಇಲ್ಲ. ಅದರ ಪ್ರಜ್ಞಾನ್ ಗಾಡಿ ಅಲ್ಲಿಂದ ಬೆಂಗಳೂರಿಗೆ ಕಳಿಸಿದ ಚಿತ್ರಗಳನ್ನು ಮತ್ತೆ ತೆಗೆದು ನೋಡಿ, ಚಕ್ರದ ಜಾಡು ಎದ್ದು ಕಾಣುವಂತೆ ಮಾಡಿರುವುದು ಓರೆ ಬಿಸಿಲು.

ನೆರಳಿನ ಒಳಗೆ ಯಾವ ಬಣ್ಣ? ಗಾಳಿಯಿಲ್ಲದ ಕಡೆ ನೆರಳು ಮಸಿಯಷ್ಟು ಕಪ್ಪು ಎಂದು ಪುಸ್ತಕಗಳಲ್ಲಿ ಓದಿದ್ದೇವೆ. ಅಂಚು ಕತ್ತರಿಸಿದಷ್ಟು ಚೂಪು, ಅದು ನಿಜ. ಆದರೆ ಬಿಸಿಲು ಬಿದ್ದ ನೆಲ ಬೆಳಕನ್ನು ಮೇಲಕ್ಕೆ ಎರಚುತ್ತಲೇ ಇರುತ್ತದೆ. ನೌಕೆಯ ನೆರಳಿನಲ್ಲಿ ಏಣಿ ಇಳಿಯುತ್ತಿರುವ ಗಗನಯಾತ್ರಿ ಆಲ್ಡ್ರಿನ್ ಅವರ ಅಪೊಲೊ 11ರ ಫೋಟೊದಲ್ಲಿ ಅವರ ಉಡುಪಿನ ಮಡಿಕೆಗಳೂ ಕಾಣುತ್ತವೆ. ಹಾಗಾಗಿ ನಿಂತವನ ನೆರಳುಪಕ್ಕಕ್ಕೆ ಕಪ್ಪು ಬಳಿದರೆ ತಪ್ಪು. ನೆಲದ ಬಣ್ಣವೇ ಮಂಕಾಗಿ ಅಲ್ಲಿ ಬರಬೇಕು.

ಗಾಳಿಯಿಲ್ಲದಿರುವುದರ ದೊಡ್ಡ ಪೆಟ್ಟು ಬೀಳುವುದು ದೂರದ ಲೆಕ್ಕಕ್ಕೆ. ಆಗುಂಬೆಯಲ್ಲೋ ಕುದುರೆಮುಖದಲ್ಲೋ ನಿಂತು ನೋಡಿದರೆ ಹತ್ತಿರದ ಗುಡ್ಡ ಹಸಿರು, ಅದರ ಹಿಂದಿನದು ನೀಲಿ, ಅದರಾಚೆಯದು ಹೊಗೆ. ನಡುವಿನ ಗಾಳಿ ಬಣ್ಣ ಬಳಿಯುವುದರಿಂದಲೇ ಯಾವುದು ಎಷ್ಟು ದೂರ ಎಂದು ಕಣ್ಣು ಅಳೆಯುತ್ತದೆ. ಎಲ್ಲ ದೇಶದ ಭೂದೃಶ್ಯ ಚಿತ್ರಕಾರರೂ ಇದನ್ನೇ ನಂಬಿ ಬದುಕಿದವರು. ಚಂದ್ರನ ಮೇಲೆ ಹತ್ತು ಹೆಜ್ಜೆ ದೂರದ ಕಲ್ಲೂ ಹರದಾರಿ ಆಚೆಯ ಗುಡ್ಡವೂ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತವೆ. ಮರ, ಮನೆ, ಕರೆಂಟು ಕಂಬ ಎಂಬ ಅಳತೆಗೋಲೂ ಇಲ್ಲ. ಸಾಲದ್ದಕ್ಕೆ ಚಂದ್ರ ಚಿಕ್ಕದಾದ್ದರಿಂದ ದಿಗಂತವೂ ಹತ್ತಿರ. ಬಯಲಿನಲ್ಲಿ ನಿಂತವನಿಗೆ ಎರಡೂವರೆ ಕಿಲೋಮೀಟರಿನೊಳಗೇ ನೆಲ ಮುಗಿದುಹೋಗುತ್ತದೆ. ಚಂದ್ರನ ಚಿತ್ರದಲ್ಲಿ ಆಳ ತರಲು ಉಳಿಯುವ ದಾರಿ ಎರಡೇ: ಹತ್ತಿರದ್ದನ್ನು ದೊಡ್ಡದಾಗಿ, ಒರಟಾಗಿ ಬರೆಯುವುದು, ಮತ್ತು ನಡುವೆ ಎಲ್ಲಾದರೂ ಒಬ್ಬ ಮನುಷ್ಯನನ್ನು ನಿಲ್ಲಿಸುವುದು. ಬೀನ್ ಅವರ ಚಿತ್ರಗಳಲ್ಲಿ ಮನುಷ್ಯನಿಲ್ಲದ ಚಂದ್ರ ಅಪರೂಪ ಏಕೆಂಬುದಕ್ಕೆ ಸ್ನೇಹದ ಕಾರಣವಿದೆ, ಅಳತೆಯ ಕಾರಣವೂ ಇದೆ ಎಂದು ನನ್ನ ಊಹೆ.

ಮುಖದ ಚಿತ್ರಕಾರ ಜಾನ್ ರಸೆಲ್

ಚಂದ್ರನ ಹುಚ್ಚು ಹಿಡಿಸಿಕೊಂಡವರು ಬೀನ್‌ಗಿಂತ ಬಹಳ ಹಿಂದೆಯೂ ಇದ್ದರು. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ 1745ರಲ್ಲಿ ಹುಟ್ಟಿದ ಜಾನ್ ರಸೆಲ್ ಹೊಟ್ಟೆಪಾಡಿಗೆ ಶ್ರೀಮಂತರ ಮುಖ ಬರೆಯುತ್ತಿದ್ದರು. ಪೇಸ್ಟಲ್ ಅವರ ಮಾಧ್ಯಮ. ದೊರೆ ಮೂರನೆಯ ಜಾರ್ಜ್‌ನ ಆಸ್ಥಾನಕ್ಕೂ ಬರೆದವರು. ರಾತ್ರಿ ಮಾತ್ರ ದೂರದರ್ಶಕಕ್ಕೆ ಕಣ್ಣಿಟ್ಟು ಚಂದ್ರನನ್ನು ಬರೆಯುತ್ತಿದ್ದರು. ಇದು ಎರಡು ದಶಕ ನಡೆಯಿತು. ಆಗಿನ ಖಗೋಳಜ್ಞರು ಗೆರೆ ಎಳೆದು ಮಾಡಿದ ಚಂದ್ರನ ನಕ್ಷೆಗಳು ಅವರಿಗೆ ಒಪ್ಪಿಗೆಯಾಗಲಿಲ್ಲ. ಮುಖ ಬರೆಯುವವನ ಕಣ್ಣು ಅವರದು. ಕೆನ್ನೆಗೆ ಗೆರೆ ಎಲ್ಲಿದೆ? ಇರುವುದು ಬೆಳಕಿನ ಇಳಿಜಾರು.

ಪೇಸ್ಟಲ್ ಎಂದರೆ ಒಣ ಬಣ್ಣದ ಪುಡಿಯನ್ನು ಕಡ್ಡಿ ಮಾಡಿದ್ದು. ಎಣ್ಣೆಬಣ್ಣದ ಹಾಗೆ ಮಿಂಚುವುದಿಲ್ಲ, ಬೆಳಕನ್ನು ಎಲ್ಲ ಕಡೆಗೂ ಎರಚುತ್ತದೆ, ಬೆರಳಿನಿಂದ ಉಜ್ಜಿದರೆ ಒಂದು ಛಾಯೆ ಇನ್ನೊಂದರಲ್ಲಿ ಕರಗುತ್ತದೆ. ಪುಡಿ ಹರಡಿದ ಚಂದ್ರನ ನೆಲವನ್ನು ಬರೆಯಲು ಪುಡಿಯೇ ಆದ ಬಣ್ಣ. ರಸೆಲ್ ಇದನ್ನು ತಿಳಿದು ಆರಿಸಿಕೊಂಡರೆನ್ನಲು ಆಗದು, ಅವರ ಕೈಗೆ ಒಗ್ಗಿದ್ದು ಅದು. ಆದರೆ ಕೂಡಿಬಂದದ್ದು ಹೇಗಿದೆ ನೋಡಿ. 1795ರಲ್ಲಿ ಅವರು ಬರೆದ ದೊಡ್ಡ ಚಂದ್ರ ಇಂದಿಗೂ ಆಕ್ಸ್‌ಫರ್ಡಿನ ವಿಜ್ಞಾನ ಚರಿತ್ರೆಯ ಮ್ಯೂಸಿಯಮ್ಮಿನಲ್ಲಿದೆ.

ನಮ್ಮ ಬೂದಿ ತಟ್ಟೆಯ ಸಮಸ್ಯೆ ರಸೆಲ್‌ಗೂ ಎದುರಾಯಿತು. ಹುಣ್ಣಿಮೆಯಲ್ಲಿ ಕಲೆಗಳೆಲ್ಲ ಕಾಣುತ್ತವೆ, ಎತ್ತರ ತಗ್ಗು ಕಾಣುವುದಿಲ್ಲ. ಅಷ್ಟಮಿಯ ಸುಮಾರಿಗೆ ಬೆಳಕು ಕತ್ತಲೆ ಕೂಡುವ ಗೆರೆಯ ಪಕ್ಕ ಕುಳಿಗಳು ಕೆತ್ತಿದಂತೆ ಕಾಣುತ್ತವೆ, ಆದರೆ ಆ ಗೆರೆಯ ಪಕ್ಕ ಮಾತ್ರ. ಒಂದೇ ಚಿತ್ರದಲ್ಲಿ ಎರಡನ್ನೂ ಹೇಗೆ ತೋರಿಸುವುದು? ತೋರಿಸಲಾಗದು ಎಂದು ಅವರು ಒಪ್ಪಿಕೊಂಡರು. ಕೊನೆಗಾಲದಲ್ಲಿ ಕೆತ್ತಿಸಿದ ಚಂದ್ರನ ನಕ್ಷೆಗಳನ್ನು ಎರಡಾಗಿ ಮಾಡಿದರು: ಒಂದು ನೇರ ಬೆಳಕಿನ ನೆರಳಿಲ್ಲದ ಚಂದ್ರ, ಇನ್ನೊಂದು ಎಲ್ಲ ಕಡೆಗೂ ಓರೆ ಬೆಳಕು ಬಿದ್ದಂತೆ ಕಲ್ಪಿಸಿದ ನೆರಳಿನ ಚಂದ್ರ. ಎರಡನೆಯದು ಯಾವ ರಾತ್ರಿಯೂ ಯಾರೂ ಕಾಣದ ಚಂದ್ರ, ಆದರೆ ಅದರ ಒಂದೊಂದು ಅಂಗುಲವೂ ಒಂದೊಂದು ರಾತ್ರಿ ಕಂಡದ್ದೇ. 1797ರಲ್ಲಿ ಚಂದ್ರನ ಒಂದು ಗೋಳವನ್ನೂ ಮಾಡಿದ್ದರು, ಅಡ್ಡಗಲ ಒಂದು ಅಡಿ. ಚಂದ್ರ ಸ್ವಲ್ಪ ಸ್ವಲ್ಪ ತಲೆಯಾಡಿಸುವುದರಿಂದ ಒಟ್ಟಾರೆ ನಮಗೆ ಅದರ ನೂರಕ್ಕೆ 59 ಪಾಲು ಕಾಣಸಿಗುತ್ತದೆ. ಆ ತಲೆಯಾಟ ತೋರಿಸಲು ಹಿತ್ತಾಳೆಯ ಯಂತ್ರ ಜೋಡಿಸಿದ್ದರು. ಕಾಣದ ಬೆನ್ನಿನ ಭಾಗವನ್ನು ಖಾಲಿ ಬಿಟ್ಟಿದ್ದರು. ಊಹಿಸಿ ಏನಾದರೂ ತುಂಬಬಹುದಿತ್ತು, ತುಂಬಲಿಲ್ಲ. 1806ರಲ್ಲಿ ರಸೆಲ್ ತೀರಿಕೊಂಡರು, ನಕ್ಷೆಯ ಕೆಲಸವನ್ನು ಮಗ ವಿಲಿಯಂ ಮುಂದುವರಿಸಿದರು.

ನಮ್ಮ ತಾರಸಿಯಿಂದ

ಆಕಾಶದ ಚಂದ್ರನನ್ನೇ ಬರೆಯುವವರು ಎಡವುವ ನಾಲ್ಕಾರು ಕಡೆಗಳನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮೊದಲನೆಯದು ಗಾತ್ರ. ಕೈ ನೀಟಾಗಿ ಚಾಚಿ, ಬೆರಳ ತುದಿಯಲ್ಲಿ ಒಂದು ಬಟಾಣಿ ಹಿಡಿದರೆ ಪೂರ್ಣಚಂದ್ರ ಮುಚ್ಚಿಹೋಗುತ್ತಾನೆ. ತೆಂಗಿನ ಮರದ ಹಿಂದೆ ಹಂಡೆಯಷ್ಟು ದೊಡ್ಡ ಚಂದ್ರ ಹುಟ್ಟಿದ ಹಾಗೆ ಅನ್ನಿಸುವುದು ಮನಸ್ಸಿನ ಆಟ. ಅಲ್ಲಿಯೂ ಬಟಾಣಿಯೇ ಸಾಕು. ಹಾಗೆಂದು ಚಿತ್ರದಲ್ಲಿ ಬಟಾಣಿಯಷ್ಟೇ ಬರೆದರೆ ಚಂದ್ರ ಕಳೆದುಹೋಗುತ್ತಾನೆ, ಎಲ್ಲರೂ ಒಂದಿಷ್ಟು ಹಿಗ್ಗಿಸುತ್ತಾರೆ. ಹಿಗ್ಗಿಸುತ್ತಿದ್ದೇನೆ ಎಂದು ಗೊತ್ತಿದ್ದರೆ ಸಾಕು.

ಎರಡನೆಯದು ಹೊತ್ತು. ಹುಣ್ಣಿಮೆ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ, ಎದುರು ದಿಕ್ಕಿನಲ್ಲಿ. ಬಿದಿಗೆ ತದಿಗೆಯ ಚಂದ್ರ ಸಂಜೆ ಪಡುವಣದಲ್ಲಿ ಕಂಡು ಬೇಗ ಮುಳುಗುತ್ತಾನೆ. ನಡುರಾತ್ರಿಯ ಚಿತ್ರದಲ್ಲಿ ನೆತ್ತಿಯ ಮೇಲೆ ಗೆರೆಯಂಥ ಚಂದ್ರನನ್ನು ನೇತುಹಾಕಿದ ಕ್ಯಾಲೆಂಡರುಗಳು ಎಷ್ಟಿಲ್ಲ! ಆ ಗೆರೆ ಚಂದ್ರನ ಉಬ್ಬಿದ ಪಕ್ಕ ಯಾವತ್ತೂ ಸೂರ್ಯನ ಕಡೆಗೇ ಇರಬೇಕು. ಇಂಗ್ಲಿಷ್ ಚಿತ್ರಪುಸ್ತಕ ನೋಡಿ ಕಲಿತವರು ಅದನ್ನು ಕುಡುಗೋಲಿನಂತೆ ನೆಟ್ಟಗೆ ನಿಲ್ಲಿಸುತ್ತಾರೆ. ನಮ್ಮ ಸೀಮೆ ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅದು ಓರೆಯಾಗಿ ಮಲಗಿರುತ್ತದೆ, ಫೆಬ್ರವರಿ ಮಾರ್ಚಿನಲ್ಲಂತೂ ದೋಣಿಯ ಹಾಗೆ. ಆ ದೋಣಿಯ ಮೇಲೆ ಉಳಿದ ಚಂದ್ರ ಮಸುಕಾಗಿ ಕಾಣುವುದನ್ನೂ ಬಿಡಬಾರದು. ಭೂಮಿಯಿಂದ ಅಲ್ಲಿಗೆ ಹೋಗಿ ತಿರುಗಿ ಬಂದ ಬೆಳಕು ಅದು, ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷದ ಹಿಂದೆಯೇ ಇದನ್ನು ಬರೆದಿಟ್ಟಿದ್ದರು. ನಕ್ಷತ್ರವನ್ನು ಮಾತ್ರ ಆ ಮಸುಕು ಭಾಗದಲ್ಲಿ ಇಡಬೇಡಿ. ಅಲ್ಲಿ ಚಂದ್ರನ ಮೈ ಇದೆ.

ಬೆಳದಿಂಗಳಿಗೆ ನೀಲಿ ಬಳಿಯುವ ರೂಢಿಯೂ ವಿಚಾರಿಸಬೇಕಾದ್ದೇ. ಅಳೆದು ನೋಡಿದರೆ ಬೆಳದಿಂಗಳು ಬಿಸಿಲಿಗಿಂತ ತುಸು ಕೆಂಪು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುತ್ತದೆ, ನೀಲಿಯ ಕಡೆಗೆ ವಾಲುತ್ತದೆ. ಅಂಗಳದ ಕೆಂಪು ದಾಸವಾಳ ಬೆಳದಿಂಗಳಲ್ಲಿ ಕಪ್ಪಾಗಿ, ಎಲೆ ಅದಕ್ಕಿಂತ ತಿಳಿಯಾಗಿ ಕಾಣುವುದು ಇದರಿಂದ. ನೀಲಿ ಬಳಿದವರು ಕಣ್ಣಿಗೆ ಕಂಡದ್ದನ್ನೇ ಬರೆದರು.

ಮತ್ತೊಂದು, ಬೀನ್ ಇಳಿದ ಜಾಗ ಗುರುತಿಸುವುದು. ಆ ಬಯಲಿಗೆ ಬಿರುಗಾಳಿಗಳ ಸಾಗರ ಎಂದು ಹೆಸರು, ಬರಿಗಣ್ಣಿಗೆ ಕಾಣುವ ದೊಡ್ಡ ಕಪ್ಪು ಹರವು. ಹುಣ್ಣಿಮೆಯ ಸಂಜೆ ಚಂದ್ರ ಮೂಡುವಾಗ ಅದು ನಮಗೆ ಕೆಳಭಾಗದಲ್ಲಿರುತ್ತದೆ, ಬೆಳಗಿನ ಜಾವ ಮುಳುಗುವಾಗ ಮೇಲ್ಭಾಗದಲ್ಲಿ. ಮೊಲವೂ ಹಾಗೆಯೇ ರಾತ್ರಿಯೆಲ್ಲ ಹೊರಳುತ್ತದೆ. ಚಂದ್ರನ ಕಲೆಗಳನ್ನು ಬರೆಯುವುದಾದರೆ ಯಾವ ಹೊತ್ತಿನ ಚಂದ್ರ ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು.

ಧೂಳು

ಬೀನ್ ಅವರ ಹಲಗೆಗೆ ಮರಳೋಣ. ಚಂದ್ರನ ಧೂಳು ಗೋದಿ ಹಿಟ್ಟಿನಷ್ಟು ನಯ, ಆದರೆ ಕಣಗಳು ಒಡೆದ ಗಾಜಿನಂತೆ ಮೊನಚು. ಇಲ್ಲಿನ ಮರಳನ್ನು ನೀರೂ ಗಾಳಿಯೂ ಉರುಳಿಸಿ ದುಂಡಗೆ ಮಾಡುತ್ತವೆ, ಅಲ್ಲಿ ಉರುಳಿಸುವವರಿಲ್ಲ. ಮೊನಚು ಕಣಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಹೆಜ್ಜೆಯ ಅಂಚು ಕುಸಿಯದೆ, ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ ಕಡಿದು ನಿಲ್ಲುತ್ತದೆ. ಕುಂಚದಿಂದ ಇಂಥ ಅಂಚು ಬರೆಯುವುದು ಕಷ್ಟ. ಬೂಟಿನಿಂದ ಪೇಸ್ಟಿನ ಮೇಲೆ ಒತ್ತಿದರೆ ತಾನಾಗಿ ಬರುತ್ತದೆ. ಅಷ್ಟೇ ಅಲ್ಲ, ಚಿತ್ರದ ಮೇಲೆ ನಿಜವಾದ ಏರು ತಗ್ಗು ಇರುವುದರಿಂದ ಕೋಣೆಯ ಕಿಟಕಿಯ ಬೆಳಕು ಅದರ ಮೇಲೆ ಓರೆಯಾಗಿ ಬಿದ್ದು ನೆರಳು ಮೂಡಿಸುತ್ತದೆ. ಬೂದಿ ತಟ್ಟೆಯ ಪಾಠವೇ ಇದು.

ಆ ಧೂಳು ಎಲ್ಲಕ್ಕೂ ಮೆತ್ತಿಕೊಳ್ಳುತ್ತಿತ್ತು. ಹಿಂದಿರುಗಿದ ಮೇಲೆ ಅವರ ಉಡುಪಿನ ಮೇಲಿದ್ದ ಧ್ವಜ, ಲಾಂಛನಗಳ ಬಟ್ಟೆಯ ಪಟ್ಟಿಗಳು ನೆನಪಿನ ಕಾಣಿಕೆಯಾಗಿ ಬೀನ್ ಬಳಿ ಉಳಿದಿದ್ದವು. ವರ್ಷಗಳಾದ ಮೇಲೆ ಅವರಿಗೆ ಹೊಳೆಯಿತು, ಅವು ಕೊಳೆಯಾಗಿವೆ, ಆ ಕೊಳೆ ಚಂದ್ರನದು. ಅವನ್ನು ಚೂರು ಚೂರಾಗಿ ಕತ್ತರಿಸಿ ಚಿತ್ರದ ಪೇಸ್ಟಿನಲ್ಲಿ ಸೇರಿಸತೊಡಗಿದರು. ನೌಕೆಯ ಹೊರಮೈಯ ಹಾಳೆಯ ಚೂರುಗಳನ್ನೂ ಸೇರಿಸಿದರು. ಇದರಿಂದ ಚಿತ್ರ ಹೆಚ್ಚು ಚೆನ್ನಾಗಿ ಕಾಣುತ್ತದೆಯೇ ಎಂದು ಕೇಳಿದರೆ ಇಲ್ಲ, ಆ ಚೂರುಗಳು ಕಣ್ಣಿಗೆ ಬೀಳುವುದೇ ಕಷ್ಟ. ಮ್ಯೂಸಿಯಮ್ಮಿನಲ್ಲಿ ಇಡಬೇಕಾದ ವಸ್ತುವಿಗೆ ಕತ್ತರಿ ಹಾಕಿದ್ದು ಸರಿಯೇ ಎಂದು ಚರಿತ್ರೆಕಾರರು ಕೇಳಬಹುದು. ನನಗಂತೂ ಮನೆ ಕಟ್ಟುವಾಗ ಹಳೆಯ ಮನೆಯ ಒಂದು ಹಿಡಿ ಮಣ್ಣನ್ನು ಪಾಯಕ್ಕೆ ಹಾಕಿದಷ್ಟೇ ಸಹಜವಾಗಿ ಕಾಣುತ್ತದೆ.

ತೆಗೆಯದ ಫೋಟೊ

ಕ್ಯಾಮೆರಾ ಇರುವಾಗ ಚಿತ್ರವೇಕೆ ಎಂಬ ಪ್ರಶ್ನೆ ಉಳಿಯಿತು. ಅಪೊಲೊ 12ರ ಮಟ್ಟಿಗೆ ಅದಕ್ಕೆ ಉತ್ತರ ಕೊಟ್ಟದ್ದು ಎರಡು ಅಪಘಾತ. ಚಂದ್ರನ ಮೇಲೆ ಅವರು ಬಣ್ಣದ ಟಿವಿ ಕ್ಯಾಮೆರಾ ಒಯ್ದಿದ್ದರು. ಅದನ್ನು ಜಾಗ ಬದಲಿಸುವಾಗ ಬೀನ್ ಅರಿಯದೆ ಸೂರ್ಯನ ಕಡೆ ತಿರುಗಿಸಿದರು, ಒಳಗಿನ ನಳಿಕೆ ಸುಟ್ಟುಹೋಯಿತು. ಭೂಮಿಯ ಮೇಲೆ ಟಿವಿ ಮುಂದೆ ಕೂತವರಿಗೆ ಮುಂದೆ ಏನೂ ಕಾಣಲಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಒಬ್ಬ ಫೋಟೊ ತೆಗೆದರೆ ಇನ್ನೊಬ್ಬ ಮಾತ್ರ ಅದರಲ್ಲಿ ಬರುತ್ತಾನೆ. ಹೆಚ್ಚೆಂದರೆ ತೆಗೆದವನು ಎದುರಿನವನ ಹೆಲ್ಮೆಟ್ಟಿನ ಗಾಜಿನಲ್ಲಿ ಕಡಲೆಯಷ್ಟು ಕಾಣುತ್ತಾನೆ. ಇಬ್ಬರೂ ಒಂದೇ ಫೋಟೊದಲ್ಲಿ ಬರಬೇಕೆಂದು ಬೀನ್ ಮತ್ತು ಕಾನ್ರಾಡ್ ಯಾರಿಗೂ ಹೇಳದೆ ಒಂದು ಟೈಮರ್ ಒಯ್ದಿದ್ದರು. ಫೋಟೊ ತೆಗೆದವರು ಯಾರು ಎಂದು ಲೋಕವೆಲ್ಲ ತಲೆ ಕೆರೆದುಕೊಳ್ಳಲಿ ಎಂಬುದು ಸಂಚು. ಬೇಕಾದ ಹೊತ್ತಿಗೆ ಆ ಟೈಮರ್ ಕಲ್ಲು ತುಂಬಿದ ಚೀಲದಲ್ಲಿ ಎಲ್ಲಿ ಹೋಯಿತೋ ಸಿಗಲಿಲ್ಲ. ಹೊರಡುವ ವೇಳೆಗೆ ಸಿಕ್ಕಿತು, ಆಗ ಅದರಿಂದ ಪ್ರಯೋಜನವಿರಲಿಲ್ಲ, ಬೀನ್ ಅದನ್ನು ಎಸೆದರು. ಮುಂದೆ ಆ ಫೋಟೊವನ್ನು ಅವರು ಬಣ್ಣದಲ್ಲಿ ಬರೆದರು: ಇಬ್ಬರೂ ಅಕ್ಕಪಕ್ಕ, ಜಾತ್ರೆಯಲ್ಲಿ ಸ್ಟುಡಿಯೋದವನ ಮುಂದೆ ನಿಂತ ಗೆಳೆಯರ ಹಾಗೆ. ಆ ಚಿತ್ರಕ್ಕೆ ಹೆಸರು, ನಾವು ತೆಗೆಯದೇ ಹೋದ ಅದ್ಭುತ ಫೋಟೊ.

ಅಪೊಲೊ 12ರಲ್ಲಿ ಹೋದವರು ಮೂವರು. ಬೀನ್, ಕಾನ್ರಾಡ್ ಇಳಿದು ಮೂವತ್ತೊಂದು ಗಂಟೆ ನೆಲದ ಮೇಲಿದ್ದಾಗ ಡಿಕ್ ಗಾರ್ಡನ್ ಮೇಲಿನ ನೌಕೆಯಲ್ಲಿ ಒಬ್ಬರೇ ಚಂದ್ರನಿಗೆ ಸುತ್ತು ಹಾಕುತ್ತಿದ್ದರು. ಮುಂದೆ ಅಪೊಲೊ 18ರಲ್ಲಿ ಅವರಿಗೆ ಇಳಿಯುವ ಸರದಿ ಬರುವುದಿತ್ತು. ಆ ಯಾನವೇ ರದ್ದಾಯಿತು. ಬೀನ್ ಮತ್ತೊಂದು ಚಿತ್ರ ಬರೆದರು. ಅದರ ಹೆಸರಿನಲ್ಲೇ ಇದು ಕಲ್ಪನೆ ಎಂದು ಹೇಳಿಬಿಟ್ಟರು. ಉಡುಪು, ನೆರಳು, ನೆಲ ಎಲ್ಲ ಎಂದಿನಂತೆ ಕರಾರುವಾಕ್ಕು. ಚಂದ್ರನ ಮೇಲೆ ಮೂವರು ನಿಂತಿದ್ದಾರೆ.